ಮಾಣಿಕನಿಗೆ ನಾನು ಕೊಟ್ಟ ಮಾಫಿ

ಎಕಂಬಾದ ನೀರಿನ ಟಾಕಿ ಬಿದ್ದದ್ದು ಮಾಣಿಕನ ವೆಲ್ಡಿಂಗಿನಿಂದ ಅಲ್ಲ, ನಾನು ಮಾರಿದ ಪೈಪಿನಿಂದ. ಅದು ಬಿದ್ದ ದಿನವೇ ನನಗೆ ಗೊತ್ತಿತ್ತು — ನಿಜ ಹೇಳಬೇಕೆಂದರೆ, ಅದನ್ನು ನಿಲ್ಲಿಸುವ ಮೊದಲೇ ಗೊತ್ತಿತ್ತು.

ವ್ಯಾಪಾರಿ ಮನುಷ್ಯ ನಾನು, ಯಾವ ಮಾತಿಗೂ ಮೊದಲು ಬೆಲೆ ಕೇಳುವವನು. ಇದರ ಬೆಲೆ ಇಷ್ಟು: ಒಬ್ಬ ಹೆಣ್ಣುಮಗಳ ನಡಿಗೆ, ಮತ್ತು ಒಬ್ಬ ಕಸುಬುದಾರನ ಕೈ. ಕೈ ಅಂದರೆ ಕಡಿದು ಹೋಗಲಿಲ್ಲ, ಇದೆ, ಗಟ್ಟಿಯಾಗಿಯೇ ಇದೆ. ಆದರೆ ಅದರ ಮೇಲೆ ಅವನಿಗೇ ನಂಬಿಕೆ ಉಳಿಯಲಿಲ್ಲ. ಅವರಿಬ್ಬರೂ ಕೊಟ್ಟರು. ನಾನೇನೂ ಕೊಡಲಿಲ್ಲ. ನನಗೆ ಶಾಲು ಹೊದಿಸಿದರು. ಯಾಕೆ ಹೀಗಾಯಿತು ಎಂದರೆ — ಕರಗಿಸುವ ದರಕ್ಕೆ ಬಂದ ಮಾಲನ್ನು ಪೈಪಿನ ದರಕ್ಕೆ ಮಾರಬಹುದು ಅನ್ನುವ ಆಸೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ದಣಿದಿದ್ದೇನೆ, ಸಿಗಲಿಲ್ಲ.

ನನ್ನ ಹೆಸರು ವೈಜಿನಾಥ. ಬೀದರಿನ ಚಿದ್ರಿಯಲ್ಲಿ ಹಳೇ ಕಬ್ಬಿಣದ ಅಂಗಡಿ. ಜನ ಭಂಗಾರದ ಅಂಗಡಿ, ಅಂದರೆ ಗುಜರಿ ಅಂಗಡಿ, ಅನ್ನುತ್ತಾರೆ, ಅನ್ನಲಿ. ಕೈಗಾಡಿ ತಳ್ಳಿಕೊಂಡು ಓಣಿ ಓಣಿ ತಿರುಗಿ, ಎಣ್ಣೆ ಡಬ್ಬಿ, ಮುರಿದ ಸೈಕಲ್ಲು ಕೂಡಿಸಿಕೊಂಡು ಶುರು ಮಾಡಿದವನು. ಯಾರ ಮುಂದೆಯೂ ಕೈ ಚಾಚಲಿಲ್ಲ. ಈ ಮಾತನ್ನು ಮೊದಲು ಎದೆ ಉಬ್ಬಿಸಿ ಹೇಳುತ್ತಿದ್ದೆ. ಈಗ ಬರೆದಿಡುತ್ತೇನೆ, ಅಷ್ಟೇ.

ನಮ್ಮಪ್ಪ ಬಿದ್ರಿ ಕಾರ್ಖಾನೆಯಲ್ಲಿ ಕಪ್ಪು ಹತ್ತಿಸುವ ಕೆಲಸ ಮಾಡುತ್ತಿದ್ದ. ಬೀದರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಹೂಜಿ, ತಟ್ಟೆ ಎಲ್ಲ ಕೆತ್ತಿ, ಬೆಳ್ಳಿ ತಂತಿ ಕೂಡಿಸಿದ ಮೇಲೆ ಕೋಟೆಯೊಳಗಿನ ಹಳೇ ಮಣ್ಣು, ನವಸಾಗರ ಕೂಡಿಸಿ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಜಸ್ತ, ಅಂದರೆ ಸತು, ಮತ್ತು ತಾಮ್ರ ಕೂಡಿದ ಭಾಗವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಪ್ಪ ಎಣ್ಣೆ ಬಟ್ಟೆಯಲ್ಲಿ ತಿಕ್ಕುತ್ತ, "ಕಪ್ಪು ಹತ್ತಿತಂದ್ರ ಮುಗೀತು, ಇನ್ನ ಇದಕ್ಕ ಸಾವಿಲ್ಲ," ಅನ್ನುತ್ತಿದ್ದ. ಆ ಮಾತು ನಮ್ಮ ಊರಿನವರ ರಕ್ತದಲ್ಲೇ ಇದೆ. ಕೆಂಪು ತುಕ್ಕು ಕಂಡರೆ ಮೂಗು ಮುರಿಯುತ್ತೇವೆ. ಲೋಹ ಕಪ್ಪಗಿದ್ದರೆ — ಪಕ್ಕಾ ಆಗಿದೆ ಅಂದುಕೊಳ್ಳುತ್ತೇವೆ.

ನಾನು ಸಮುದ್ರ ನೋಡಿದ್ದು ತಿರುಗಾಟಕ್ಕೆ ಹೋಗಿ ಅಲ್ಲ, ವ್ಯಾಪಾರಕ್ಕೆ ಹೋಗಿ. ಮುಂಬಯಿ ಕಡೆ ಒಂದು ಹಳೇ ಕಟ್ಟೆ, ದೋಣಿ ನಿಲ್ಲಿಸುವ ಕಟ್ಟೆ, ಕೆಡವುತ್ತಿದ್ದಾರೆ, ನೀರಿನಲ್ಲಿ ಕಾಲಾಗಿ ನಿಂತಿದ್ದ ಪೈಪುಗಳು ಮಾರಾಟಕ್ಕಿವೆ ಎಂದು ಸುದ್ದಿ ಬಂತು. ಹೋದೆ. ದಂಡೆಯ ಮೇಲೆ ಸಾಲಾಗಿ ಮಲಗಿಸಿದ್ದರು. ದಪ್ಪ ಪೈಪುಗಳು; ನಮ್ಮ ಕಡೆ ಅಷ್ಟು ದಪ್ಪದ ಗೋಡೆ ಇರುವ ಪೈಪು ಯಾರೂ ಕಂಡಿರಲಿಲ್ಲ. ಒಂದು ತುದಿಯಲ್ಲಿ ಚಿಪ್ಪು ಅಂಟಿಕೊಂಡಿದ್ದವು. ನಡುವೆ ಒಂದು ಪಟ್ಟಿಯಂತೆ, ಸುತ್ತಲೂ, ಕಿತ್ತಳೆ ಬಣ್ಣದ ಹಕ್ಕಳೆ. ಅದನ್ನು ಉಗುರಿನಿಂದ ಎಬ್ಬಿಸಿದೆ. ಒಳಗೆ ಕಪ್ಪು ಲೋಳೆ. ಲೋಳೆ ಒರೆಸಿದೆ — ಅದರ ಕೆಳಗೆ ಕಬ್ಬಿಣ ಹೊಸ ರೂಪಾಯಿಯಂತೆ ಹೊಳೆಯುತ್ತಿತ್ತು.

ನಾನು ಖುಷಿಯಾದೆ. ಕಪ್ಪು ಹತ್ತಿ ಒಳಗಿನ ಲೋಹವನ್ನು ಕಾಪಾಡಿದೆ ಅಂದುಕೊಂಡೆ. ಅಪ್ಪನ ಮಗನಲ್ಲವೇ.

ಅಲ್ಲಿನ ದಲ್ಲಾಳಿ, ಬೀಡಿ ಸೇದುತ್ತ ನಿಂತಿದ್ದ ಮುದುಕ, ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ. "ಸೇಠ್, ಇಸ್ಕೋ ಕೀಡಾ ಲಗಾ ಹೈ. ಗಲಾನೇಕೇ ಲಿಯೇ ಲೇನಾ," ಅಂದ. ಇದಕ್ಕೆ ಹುಳ ಹತ್ತಿದೆ, ಕರಗಿಸುವುದಕ್ಕೆ ಮಾತ್ರ ತಗೋ ಅಂತ. ನಾನು ನಕ್ಕೆ. ಜೋಳಕ್ಕೆ ಹುಳ ಹತ್ತುತ್ತದೆ, ಹಲ್ಲಿಗೆ ಹತ್ತುತ್ತದೆ, ಕಬ್ಬಿಣಕ್ಕೆ ಹತ್ತುತ್ತದೆಯೇ? ಅವನು ನಗಲಿಲ್ಲ. ಕಣ್ಣಿಗೆ ಕಾಣದ ಹುಳ, ಸಮುದ್ರದ ನೀರಿನಲ್ಲಿರುತ್ತದೆ, ನೀರು ಇಳಿದಾಗ ಎಲ್ಲಿಯವರೆಗೆ ಇಳಿಯುತ್ತದೋ ಆ ಗೆರೆಯಲ್ಲೇ ಜಾಸ್ತಿ ತಿನ್ನುತ್ತದೆ ಎಂದು ವಿವರಿಸಿದ. ಪೈಪಿನ ದರ ಹೇಳಲೇ ಇಲ್ಲ, ಕರಗಿಸುವ ದರವನ್ನೇ ಹೇಳಿದ. ಆ ದರ ಕೇಳಿದ ಕೂಡಲೇ ನನಗೆ ಹುಳದ ಮಾತು ಕಿವಿಗೆ ಬೀಳುವುದು ನಿಂತಿತು. ಅದರ ಮೇಲೂ ಚೌಕಾಸಿ ಮಾಡಿದೆ. ಹುಳ ಹತ್ತಿದ ಮಾಲು ಅಂತ ನೀನೇ ಅಂತಿ, ಇನ್ನಷ್ಟು ಇಳಿಸು ಅಂದೆ.

ಇಲ್ಲಿಯವರೆಗಿನದನ್ನು ತಿಳಿಯದೆ ಮಾಡಿದ ತಪ್ಪು ಎಂದು ಬೇಕಾದರೆ ಕರೆಯಬಹುದು. ಮುಂದಿನದಕ್ಕೆ ಆ ಹೆಸರಿಲ್ಲ.

ಚಿದ್ರಿಗೆ ಬಂದ ಪೈಪುಗಳನ್ನು ಅಂಗಳದಲ್ಲಿ ಇಳಿಸಿ ತೊಳೆಸಿದೆ. ನೀರು ಬಿದ್ದ ಕೂಡಲೇ ಕೆಟ್ಟ ತತ್ತಿಯ ವಾಸನೆ ಎದ್ದಿತು. ಓಣಿಯ ಹೆಣ್ಣುಮಕ್ಕಳು ಸೆರಗು ಮೂಗಿಗೆ ಒತ್ತಿಕೊಂಡು, ನಾನೇನು ಕಬ್ಬಿಣ ತಂದೆನೋ ಹೆಣ ತಂದೆನೋ ಎಂದು ಬೈದು ಹೋದರು. ಕಿತ್ತಳೆ ಪಟ್ಟಿಯನ್ನು ಪೂರ್ತಿ ಕೆರೆಸಿದಾಗ ಗುಳಿಗಳು ಕಂಡವು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು — ನಮ್ಮ ಕಡೆ ನೆಲದಲ್ಲಿ ಹೂಳುತ್ತಿದ್ದ ಜೋಳದ ಹಗೇವಿನಂತೆ. ಒಂದರಲ್ಲಿ ಮೊಳೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಮೊಳೆ ಒಳಗೆ ಹೋಯಿತು. ಬೇರೆ ಕಡೆ ಅಂಗುಷ್ಠದಷ್ಟು ದಪ್ಪವಿದ್ದ ಪೈಪಿನ ಗೋಡೆ ಆ ಪಟ್ಟಿಯಲ್ಲಿ ತಗಡಿನಷ್ಟೇ ಉಳಿದಿತ್ತು.

ಆಗ ಗೊತ್ತಾಯಿತು. ಗೊತ್ತಾದ ಮೇಲೆ ನಾನು ಏನು ಮಾಡಬಹುದಿತ್ತು? ಪಟ್ಟಿಯನ್ನು ಕೊಯ್ದು ತೆಗೆದು, ಉಳಿದ ಗಟ್ಟಿ ತುಂಡುಗಳನ್ನು ಗಿಡ್ಡ ಪೈಪು ಎಂದು ಮಾರಬಹುದಿತ್ತು. ಲಾಭ ಕಡಿಮೆಯಾಗುತ್ತಿತ್ತು, ನಷ್ಟ ಆಗುತ್ತಿರಲಿಲ್ಲ. ಈ ಉಪಾಯ ಆವತ್ತೇ ಹೊಳೆದಿತ್ತು, ಅದೇ ನನ್ನನ್ನು ಇವತ್ತಿಗೂ ಮಲಗಗೊಡುವುದಿಲ್ಲ. ನಾನು ಮಾಡಿದ್ದೇ ಬೇರೆ. ಮೋಟಾರು ಗಾಡಿಯ ನೆಗ್ಗಿದ ಮೈಗೆ ಮೆತ್ತುವ ಪುಟ್ಟಿ ತಂದು ಗುಳಿಗಳಿಗೆ ಮೆತ್ತಿಸಿದೆ. ಮೇಲೆ ಕಪ್ಪು ಬಣ್ಣ ಹೊಡೆಸಿದೆ. ಬಂದ ಗಿರಾಕಿಗಳಿಗೆ ಹೇಳಿದೆ: ಬಂದರದ ಮಾಲು, ಸಮುದ್ರವೇ ಕಪ್ಪು ಹತ್ತಿಸಿದೆ, ನಮ್ಮ ಬಿದ್ರಿ ಇದ್ದಂತೆ, ಇದಕ್ಕೆ ಸಾವಿಲ್ಲ.

ಅಪ್ಪನ ಮಾತು. ಸುಳ್ಳೆಂದು ತಿಳಿದ ಮೇಲೆ ಅದನ್ನು ಮಾರಾಟಕ್ಕಿಟ್ಟೆ. ಬೇರೆ ಊರಿನಲ್ಲಿ ಈ ಮಾತು ಮಾರುತ್ತಿರಲಿಲ್ಲ. ಇಲ್ಲಿ ಎಲ್ಲರೂ ತಲೆಯಾಡಿಸಿದರು.

ಎಕಂಬಾದವರು ಬಂದದ್ದು ಆ ದಿನಗಳಲ್ಲೇ. ಔರಾದಿನಲ್ಲಿ ಸಾಲಿ ಮಾಸ್ತರಾಗಿದ್ದ ಮಿಲಿಂದ ಸರ್, ಅವರ ಊರು ಎಕಂಬಾ. ಅಲ್ಲಿನ ಬುದ್ಧ ವಿಹಾರದ ಮುಂದೆ ಬೋರು ಬಿದ್ದಿತ್ತು, ಒಳ್ಳೆಯ ನೀರು. ಎತ್ತರದಲ್ಲಿ ಟಾಕಿ ಇಟ್ಟರೆ ಓಣಿಗೆಲ್ಲ ನಳ ಬಿಡಬಹುದೆಂದು ಮನೆ ಮನೆಯಿಂದ ವರ್ಗಣಿ ಹಣ ಎತ್ತಿದ್ದರು. ಸರ್ ಜೊತೆ ಕಮಳಾಬಾಯಿ ಬಂದಿದ್ದಳು, ಅಂಗನವಾಡಿಯಲ್ಲಿ ಕೆಲಸ ಮಾಡುವಾಕೆ. ವರ್ಗಣಿ ಎತ್ತಿದವಳು ಅವಳೇ ಇರಬೇಕು. ಖರ್ಚು ಮಾಡುವಾಗ ಸರ್‌ಗಿಂತ ಅವಳಿಗೇ ಹೆಚ್ಚು ನೋವಾಗುತ್ತಿತ್ತು. ಸರ್‌ಗೆ ಚೌಕಾಸಿ ಬಾರದು. ನಾನು ಹೇಳಿದ ದರಕ್ಕೆ ಅವರು ಧನ್ಯವಾದ ಹೇಳುವುದೊಂದು ಬಾಕಿ. ಕಮಳಾಬಾಯಿ ಪೈಪಿನ ಸುತ್ತ ತಿರುಗಿದಳು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದಳು.

"ಕಾಕಾ, ನಿಮ್ಮ ಪೈಪಿಗಿ ಮೇಕಪ್ ಭಾಳ ಆಗ್ಯದಲ್ಲರಿ."

"ಮದವಿ ಮನಿಗಿ ಹೊಂಟದವ್ವ, ಹಂಗೇ ಕಳಿಸ್ಲೇನು?" ಅಂದೆ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಧರ್ಮದ ಕೆಲಸ ಎಂದು ಸ್ವಲ್ಪ ಇಳಿಸಿಕೊಟ್ಟೆ. ಸರ್ ನನ್ನ ಕೈ ಹಿಡಿದುಕೊಂಡರು. ಇನ್ನೊಂದು ಸಲಹೆಯನ್ನೂ ಕೊಟ್ಟೆ — ಸಲಹೆ ಕೊಡದೆ ಇರಲಾರದವನು ನಾನು — ಭಾಲ್ಕಿಯ ಮಾಣಿಕನನ್ನೇ ಕರೆಸಿರಿ, ಜಿಲ್ಲೆಯಲ್ಲಿ ಅವನಂಥ ವೆಲ್ಡರ್ ಇಲ್ಲ ಅಂದೆ. ಆ ಸಲಹೆ ಮಾತ್ರ ಸುಳ್ಳಲ್ಲ.

ಮಾಣಿಕ ನನಗಿಂತ ಸಣ್ಣವನು, ಅಣ್ಣಾ ಅನ್ನುತ್ತಿದ್ದ. ಅವನ ಅವ್ವನ ಭಾಷೆ ಮರಾಠಿ, ಅಪ್ಪನದು ಕನ್ನಡ. ಜಗಳ ಬಂದರೆ ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವ ಮನುಷ್ಯ. ಜಂಬಗಾರ. ತಾನು ಮಾಡಿದ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಇದನ್ನು ಮಾಡಿದವನು ಯಾರಿರಬಹುದು ಎಂದು ಜೊತೆಯವರನ್ನು ಕೇಳುವವನು. ಅವನು ಎಕಂಬಾದಿಂದ ನನಗೆ ಫೋನ್ ಮಾಡಿದ.

"ಅಣ್ಣಾ, ಒಂದ್ ಕಡಿ ರಾಡ್ ಹಚ್ಚಿದ್ರ ತೂತು ಬೀಳ್ಲತದ. ಏನ್ ಮಾಲು ಕೊಟ್ಟೀರಿ ಇದು?"

ಇಲ್ಲಿ ನಾನು ನಿಲ್ಲಿಸಬಹುದಿತ್ತು. ಒಂದೇ ಮಾತು — ಮಾಡಬೇಡ, ಬಿಡು, ಬೇರೆ ಪೈಪು ಕಳಿಸುತ್ತೇನೆ. ಆ ಮಾತು ನಾಲಿಗೆಯ ತನಕ ಬಂದಿತ್ತು ಎಂದು ಬರೆದರೆ ನಿಮಗೆ ನನ್ನ ಮೇಲೆ ಕರುಣೆ ಬರಬಹುದು. ಬಂದಿರಲಿಲ್ಲ. ಮಾಲು ವಾಪಸ್ ಬರುತ್ತದೆ ಅನ್ನುವ ಭಯ ಒಂದೇ ಬಂದದ್ದು.

"ಮಾಲಿಗ್ಯಾಕ ಅಂತಿ? ಕರಂಟ್ ಕಡಿಮಿ ಇಡು. ನಿನ್ನ ಕೈ ಭಾರ ಆಗ್ಯದ," ಅಂದೆ.

ಅವನು ನಕ್ಕ. ಹೆಂಡತಿಯೂ ಹೀಗೇ ಅನ್ನುತ್ತಾಳೆ, ಮನೆಯಲ್ಲಿ ಹಾಲು ಉಕ್ಕಿದರೂ ತಪ್ಪು ಇವನದೇ ಅಂತೆ. ಕರಂಟ್ ಇಳಿಸಿದ, ತೂತಿನ ಮೇಲೆ ಕಬ್ಬಿಣದ ಪಟ್ಟಿ ಇಟ್ಟು ಸುತ್ತ ಬೆಸೆದ, ಟಾಕಿ ಏರಿಸಿದ. ನೀರು ಬಂದ ದಿನ ಎಕಂಬಾದಿಂದ ನನಗೆ ಪೇಢಾ ಬಂತು.

ಮರುವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಟಾಕಿ ಬಿತ್ತು. ನಾಲ್ಕು ಕಾಲಿನಲ್ಲಿ ಒಂದು ಮೊಣಕಾಲು ಮಡಿಚಿದಂತೆ ಮಡಿಚಿತು ಎಂದು ಕಂಡವರು ಹೇಳಿದರು. ಮಡಿಚಿದ್ದು ಮಾಣಿಕ ಪಟ್ಟಿ ಬೆಸೆದಿದ್ದ ಜಾಗದ ಪಕ್ಕದಲ್ಲೇ. ಕೆಳಗೆ ಕಮಳಾಬಾಯಿ ಕೊಡ ಹಿಡಿದು ನಿಂತಿದ್ದಳು. ಹಿಂದಕ್ಕೆ ಹಾರಿದಳು, ಜೀವ ಉಳಿಯಿತು. ಅಡ್ಡಪಟ್ಟಿಯ ಕಬ್ಬಿಣ ಅವಳ ಬಲಗಾಲ ಹರಡಿನ ಮೇಲೆ ಬಿತ್ತು. ಬೀದರಿನ ಆಸ್ಪತ್ರೆಯಲ್ಲಿ ಕಾಲು ಉಳಿಸಿದರು. ನಡಿಗೆ ಉಳಿಯಲಿಲ್ಲ. ಇವತ್ತಿಗೂ ಕೋಲಿಲ್ಲದೆ ಅಂಗಳ ದಾಟುವುದಿಲ್ಲ.

ಸುದ್ದಿ ಬಂದ ಕೂಡಲೇ ಟೆಂಪೋ ತಗೊಂಡು ಹೋದೆ. ಜನ ಇನ್ನೂ ಆಸ್ಪತ್ರೆಯ ಓಡಾಟದಲ್ಲಿದ್ದರು. ಮುರಿದ ಕಾಲುಗಳನ್ನೆಲ್ಲ ತುಂಬಿಸಿಕೊಂಡೆ. ಚಿಂತಿ ಮಾಡಬ್ಯಾಡ್ರಿ, ನಾನು ಹೊಸ ಪೈಪು ಪುಕ್ಕಟೆ ಕೊಡುತ್ತೇನೆ, ಇದು ನನ್ನ ಕರ್ತವ್ಯ ಎಂದು ಮಿಲಿಂದ ಸರ್‌ಗೆ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು. ಯಾರಾದರೂ ತಿಳಿದವರು ಬಂದು ಆ ಮುರಿದ ಬಾಯನ್ನು ನೋಡುವ ಮೊದಲು ಅದನ್ನು ಅಲ್ಲಿಂದ ಎತ್ತಬೇಕು ಅನ್ನುವ ಅವಸರ ನನ್ನದು ಎಂದು ಆ ಸಾಧು ಮನುಷ್ಯನಿಗೆ ಹೇಗೆ ತಿಳಿಯಬೇಕು. ಪೈಪಿನವನೇ ಪುಕ್ಕಟೆ ಕೊಡುತ್ತಿದ್ದಾನೆ ಎಂದ ಮೇಲೆ ತಪ್ಪು ಪೈಪಿನದಿರಲಾರದು — ಊರು ಹಾಗೆ ತೀರ್ಮಾನಿಸಿತು. ಬೆಸುಗೆಯ ಪಕ್ಕದಲ್ಲೇ ಮುರಿದಿದೆ. ಬೆಸೆದವನು ಮಾಣಿಕ.

ಮುರಿದ ತುಂಡನ್ನು ನಾನು ಚಿದ್ರಿಯಲ್ಲಿ ಉದ್ದಕ್ಕೆ ಸೀಳಿಸಿ ನೋಡಿದೆ. ಮಾಣಿಕನ ಬೆಸುಗೆ ಹಾಗೇ ಇತ್ತು, ಎಳ್ಳಷ್ಟೂ ಬಿಟ್ಟಿರಲಿಲ್ಲ. ಅದರ ಪಕ್ಕದ ಕಬ್ಬಿಣ ಹಪ್ಪಳದಂತಾಗಿತ್ತು. ಪುಟ್ಟಿ ಉದುರಿತ್ತು. ಟಾಕಿ ತುಂಬಿ ಸೋರಿದ ನೀರು ಅದೇ ಕಾಲಿನ ಮೇಲೆ ಇಳಿದ ಗುರುತು ಇತ್ತು.

ಕಾಲೇಜಿನಲ್ಲಿ ರಸಾಯನ ಹೇಳುವ ಒಬ್ಬರು ನನ್ನ ಹಳೇ ಗಿರಾಕಿ. ಯಾರೋ ಕೇಳಿದ್ದಾರೆ ಎಂದು ಸುಳ್ಳು ಹೇಳಿ ಅವರನ್ನು ಕೇಳಿದೆ, ಸಮುದ್ರದಲ್ಲಿ ಕಬ್ಬಿಣಕ್ಕೆ ಹುಳ ಹತ್ತುತ್ತದಂತೆ, ಹೌದಾ? ಅವರಿಗೆ ಸಂತೋಷವಾಯಿತು; ಬೀದರಿಗೆ ಸಮುದ್ರ ಯಾವಾಗ ಬಂತು ಎಂದು ತಮಾಷೆ ಮಾಡಿ, ಚಹಾ ತರಿಸಿ, ಬಿಡಿಸಿ ಹೇಳಿದರು. ಸಮುದ್ರಕ್ಕಿಳಿದ ಕಬ್ಬಿಣದ ಮೇಲೆ ಮೊದಲು ಒಂದು ಲೋಳೆಯ ಪೊರೆ ಕೂಡುತ್ತದೆ, ಅದೆಲ್ಲ ಸೂಕ್ಷ್ಮಜೀವಿಗಳ ಸಂಸಾರ. ಮೇಲಿನ ಜೀವಿಗಳು ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಕೆಳಗೆ ಗಾಳಿ ಇಲ್ಲದಂತಾಗುತ್ತದೆ. ಗಾಳಿ ಇಲ್ಲದೆಯೇ ಬದುಕುವ ಇನ್ನೊಂದು ಜಾತಿ ಅಲ್ಲಿ ಬೆಳೆಯುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಗಂಧಕದ ಅಂಶದಿಂದಲೇ ಅದರ ಉಸಿರಾಟ. ಕೆಟ್ಟ ತತ್ತಿಯ ವಾಸನೆಯ ಗಾಳಿ ಬಿಡುತ್ತದೆ. ಆ ಗಾಳಿ ಕಬ್ಬಿಣಕ್ಕೆ ತಾಗಿದಾಗ ಹುಟ್ಟುವುದೇ ಆ ಕಪ್ಪು. ಹುಳ ಬಾಯಿ ಹಾಕಿ ಕಡಿಯುವುದಿಲ್ಲ. ಅದರ ಬದುಕಿನಿಂದಲೇ ಕಬ್ಬಿಣ ಕರಗುತ್ತ ಹೋಗುತ್ತದೆ, ಎಲ್ಲ ಕಡೆ ಸಮನಾಗಿ ಅಲ್ಲ, ಚುಕ್ಕಿ ಚುಕ್ಕಿಯಾಗಿ, ಆಳಕ್ಕೆ.

"ಮತ್ತ ಒಳಗ ಹೊಳಿತದಲ್ರಿ ಸರ್?" ಎಂದು ಕೇಳಿದೆ.

"ಅದು ಹೊಸದಾಗಿ ತಿಂದ ಜಾಗ ವೈಜಣ್ಣ, ಅದಕ್ಕೇ ಹೊಳಿತದ," ಅಂದರು.

ಬಿದ್ರಿಯ ಕಪ್ಪು ಜಸ್ತದ ಮೈಮೇಲೆ ಕೂತ ಬಣ್ಣ. ಸಮುದ್ರದ ಕಪ್ಪು ಕಬ್ಬಿಣವನ್ನು ತಿಂದ ಮೇಲಿನ ಎಂಜಲು. ಅಷ್ಟು ಚಂದ ತಿಳಿಸಿ ಹೇಳಿದವರಿಗೆ ನಾನು ಆ ತುಂಡನ್ನು ತೋರಿಸಲಿಲ್ಲ. ಅದನ್ನು ಬೇರೆ ಭಂಗಾರದ ಜೊತೆ ಕರಗಿಸಲು ಕಳಿಸಿ ಆಗಿತ್ತು.

ಮಾಣಿಕ ನನ್ನ ಅಂಗಡಿಗೆ ಬಂದದ್ದು ಆಮೇಲೆ. ನನಗೆ ಎಲ್ಲ ತಿಳಿದ ಮೇಲೆ — ಇದನ್ನು ಗಮನಿಸಿರಿ. ವೆಲ್ಡಿಂಗ್ ಮಷೀನನ್ನು ಆಟೋದಲ್ಲಿ ಹೇರಿಕೊಂಡು ಬಂದಿದ್ದ. ಎಕಂಬಾದಲ್ಲಿ ಕಮಳಾಬಾಯಿಯ ಮುಂದೆ ನಿಂತು ಬಂದಿದ್ದನಂತೆ. ಅವಳು ನೋವಿನಲ್ಲಿದ್ದಳು, ಅವನ ಕೈ ಮುರೀಲಿ ಎಂದು ಶಪಿಸಿದ್ದಳಂತೆ. ಮಷೀನು ಮಾರಿ ಅವಳ ಆಸ್ಪತ್ರೆಯ ಖರ್ಚಿಗೆ ಕೊಡಬೇಕು, ನೀವೇ ತಗೋರಿ ಅಂದ. ನಾನು ಮಷೀನಿನ ಸುತ್ತ ತಿರುಗಿದೆ. ಕೇಬಲ್ಲು ಸವೆದಿದೆ ಅಂದೆ. ರಾಡ್ ಹಿಡಿಯುವ ಹೋಲ್ಡರು ಹಳೆಯದು ಅಂದೆ. ಆ ಮನುಷ್ಯನ ಎದುರು, ಆವತ್ತು — ಚೌಕಾಸಿ ಮಾಡಿದೆ. ಬಾಯಿ ತಾನಾಗಿ ಮಾಡಿತು. ಬೇರೆ ಏನನ್ನಾದರೂ ಮರೆತೇನು, ಇದನ್ನು ಮರೆಯಲಾರೆ. ಅವನು ನಾನು ಹೇಳಿದ್ದಕ್ಕೆ ಹೂಂ ಅಂದ.

ಎದ್ದು ಹೋಗುವ ಮೊದಲು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಅಣ್ಣಾ, ನೀವು ಅವತ್ತೇ ಹೇಳಿದ್ರಿ, ನನ್ನ ಕೈ ಭಾರ ಆಗ್ಯದಂತ. ನಾ ನಗ್ಯಾಡಿದೆ. ನಿಮ್ಮ ಪೈಪ್ ಕೆಡಿಸಿದೆ, ನಿಮ್ಮ ಹೆಸರೂ ಕೆಡಿಸಿದೆ. ನನಗ ಮಾಫ್ ಮಾಡ್ರಿ."

ನಾನು ಅವನ ಹೆಗಲ ಮೇಲೆ ಕೈ ಇಟ್ಟೆ.

"ಆಗ್ತದ ಬಿಡು ಮಾಣಿಕ. ಮಾಫ್ ಮಾಡೀನಿ, ಹೋಗು."

ಇದೇ ನನ್ನ ಪಾಪ. ಪೈಪು ಮಾರಿದ್ದು ಆಸೆ, ಮುರಿದ ತುಂಡು ಕರಗಿಸಲು ಕಳಿಸಿದ್ದು ಭಯ. ಆದರೆ ಈ ಮಾತು — ಇದಕ್ಕೆ ನಾನು ಯಾವ ಹೆಸರು ಕೊಡಲಿ? ಸುಮ್ಮನಿದ್ದಿದ್ದರೂ ಅವನಿಗೊಂದು ಅನುಮಾನ ಉಳಿಯುತ್ತಿತ್ತು, ಎಂದಾದರೂ ಒಂದು ದಿನ ಯೋಚಿಸಿ ಯೋಚಿಸಿ ಪೈಪಿನ ತನಕ ಬರುತ್ತಿದ್ದ. ನಾನು ಕ್ಷಮಿಸಿಬಿಟ್ಟೆ. ಅನುಮಾನಕ್ಕೂ ಜಾಗ ಬಿಡಲಿಲ್ಲ.

ಹೊಸ ಪೈಪಿನ ಮೇಲೆ ಟಾಕಿ ನಿಂತಿತು, ಬೇರೆ ವೆಲ್ಡರ್ ಬಂದ. ವಿಹಾರದಲ್ಲಿ ಜನ ಸೇರಿದ ಒಂದು ದಿನ ನನ್ನನ್ನು ಕರೆದು ಶಾಲು ಹೊದಿಸಿದರು. ಕಮಳಾಬಾಯಿ ಮುಂದಿನ ಸಾಲಿನಲ್ಲಿ, ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದಳು. "ಕಾಕಾ, ಈ ಸಲ ಮೇಕಪ್ ಇಲ್ಲದ್ದು ಕೊಟ್ಟೀರಿ," ಅಂದಳು. ತಮಾಷೆಗೇ ಅಂದಳು. ನಾನು ನಕ್ಕೆ ಕೂಡ.

ಅದೇ ಮಾಲು ಕೊಂಡ ಬೇರೆಯವರಿಂದ ಮುಂದಿನ ದಿನಗಳಲ್ಲಿ ಒಂದೊಂದಾಗಿ ಪೈಪು ವಾಪಸ್ ತಂದೆ. ದರ ಏರಿದೆ, ನನಗೊಬ್ಬ ಗಿರಾಕಿ ಸಿಕ್ಕಿದ್ದಾನೆ, ನಿಮಗೆ ಲಾಭ ಎಂದು ಸುಳ್ಳು ಹೇಳಿ. ಅಷ್ಟೂರು ಗ್ರಾಮದ ಒಂದು ಹೊಲದ ಗೇಟು ಹೀಗೆಯೇ ಬಂತು. ಎಲ್ಲವೂ ಬರಲಿಲ್ಲ, ಕೆಲವು ಕೈಯಿಂದ ಕೈಗೆ ಹೋಗಿದ್ದವು, ಎಲ್ಲಿ ನಿಂತಿವೆಯೋ ನನಗೆ ತಿಳಿಯದು.

ಮಾಣಿಕ ಮತ್ತೆ ಹೋಲ್ಡರು ಹಿಡಿಯಲಿಲ್ಲ. ಭಾಲ್ಕಿಯಲ್ಲಿ ತಮ್ಮನ ಕಿರಾಣಿ ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುತ್ತಾನೆ. ಆ ಕಡೆ ಹೋದಾಗ ನಾನು ಹೋಗಿ ಕೂರುತ್ತಿದ್ದೆ — ಯಾಕೆ ಹೋಗುತ್ತಿದ್ದೆನೋ. ಅವನು ಸಕ್ಕರೆಯ ಪೊಟ್ಟಣಕ್ಕೆ ದಾರ ಸುತ್ತಿ ಗಂಟು ಹಾಕುತ್ತಾನೆ, ಎಳೆದು ನೋಡುತ್ತಾನೆ, ಮೇಲೆ ಇನ್ನೊಂದು ಗಂಟು ಹಾಕುತ್ತಾನೆ. ಕೊಂಡವರು ದಾಟಿ ಹೋದ ಮೇಲೂ ಪೊಟ್ಟಣದ ಕಡೆ ಕಣ್ಣು. ಜಂಬಗಾರ ಮಾಣಿಕ. ಹೋದ ತಿಂಗಳು ಅವರ ಅಂಗಡಿಯ ಶಟರಿನ ಕೊಂಡಿ ಮುರಿದಿತ್ತು. ಒಬ್ಬ ವೆಲ್ಡರ್ ಬಂದು ಕೂತ. ಕಿಡಿ ಹಾರತೊಡಗಿದ ಕೂಡಲೇ ಮಾಣಿಕ ಎದ್ದು ರಸ್ತೆ ದಾಟಿ ಹೋಗಿ, ಆ ಕಡೆ ಮುಖ ಮಾಡಿ ನಿಂತ. ಮುಗಿಯುವ ತನಕ ತಿರುಗಲಿಲ್ಲ. ಅವನ ತಮ್ಮ ನನಗೆ ಮೆಲ್ಲಗೆ ಹೇಳಿದ: ಮನೆಯಲ್ಲಿ ಬಲ್ಬು ಬದಲಿಸುವುದಕ್ಕೂ ಬೇರೆಯವರನ್ನು ಕರೆಯುತ್ತಾನೆ, ನಾನು ಮುಟ್ಟಿದರೆ ಯಾರಿಗಾದರೂ ಏನಾದರೂ ಆಗುತ್ತದೆ ಅನ್ನುತ್ತಾನೆ.

ವೆಲ್ಡರ್ ಹೋದ ಮೇಲೆ ಹೇಳಿದೆ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ದಲ್ಲಾಳಿ, ಹುಳ, ಪುಟ್ಟಿ, ಕಪ್ಪು ಬಣ್ಣ, ಸೀಳಿದ ತುಂಡು, ಅದರಲ್ಲಿ ಹಾಗೇ ಇದ್ದ ಅವನ ಬೆಸುಗೆ — ಒಂದೂ ಬಿಡದೆ. ಅವನು ಒಂದು ಪೊಟ್ಟಣ ಕಟ್ಟುತ್ತಿದ್ದ. ಕಟ್ಟುತ್ತಲೇ ಇದ್ದ. ಬೈಯುತ್ತಾನೆ ಎಂದು ಕಾದೆ, ಮರಾಠಿಯಲ್ಲಿ. ಹೊಡೆದರೂ ಹೊಡೆಯಲಿ ಅನ್ನಿಸಿತ್ತು. ಗಂಟು ಎಳೆದು ನೋಡಿ ಕೇಳಿದ, ಬೆಸುಗೆ ಬಿಟ್ಟಿರಲಿಲ್ಲವೇ? ಇಲ್ಲ ಅಂದೆ. ಒಂದು ಕಡೆಯೂ? ಒಂದು ಕಡೆಯೂ ಇಲ್ಲ ಅಂದೆ. ಅವನು ದಾರ ಕತ್ತರಿಸಿದ.

"ಅವತ್ತ ನೀವು ನನಗ ಮಾಫ್ ಮಾಡಿದ್ರಿ ಅಣ್ಣಾ. ಅದನ್ನ ವಾಪಸ್ ತಗೋರಿ."

"ತಗೊಂಡೆ ಮಾಣಿಕ."

"ಇಲ್ಲಲ್ಲ. ಎಲ್ಲಿ ಶಾಲು ಹಾಕಿಸ್ಕೊಂಡೀರಿ, ಅಲ್ಲಿ ಹೋಗಿ."

ಹೋದೆ. ಮಿಲಿಂದ ಸರ್ ಈಗ ನಿವೃತ್ತರು. ಅವರೇ ವಿಹಾರದಲ್ಲಿ ಜನ ಕೂಡಿಸಿದರು. ನಿಂತು ಹೇಳಿದೆ. ಸರ್ ನನ್ನ ಮುಖ ನೋಡಲಿಲ್ಲ, ಚಾಪೆಯ ಅಂಚನ್ನೇ ನೋಡುತ್ತಿದ್ದರು. ಯಾರೋ ಪೊಲೀಸ್ ಅಂದರು, ಯಾರೋ ಈಗ ಹೇಳಿ ಏನು ಉಪಯೋಗ ಅಂದರು. ಕಮಳಾಬಾಯಿ ಕೋಲಿನ ಮೇಲೆ ಗದ್ದ ಊರಿ ಕೊನೆಯ ತನಕ ಕೇಳಿದಳು.

"ಮುಗೀತೇನ್ ಕಾಕಾ ನಿಮ್ಮದು? ಹಂಗಾರ ಆ ಮನಷ್ಯಾನ್ನ ಕರಕೊಂಡ್ ಬರ್ರಿ. ನಾ ಅವಗ ಅಂದದ್ದು ಭಾಳ ಅದ."

 ನನ್ನನ್ನು ಕ್ಷಮಿಸಿದೆ ಅನ್ನಲಿಲ್ಲ, ಕ್ಷಮಿಸುವುದಿಲ್ಲ ಅಂತಲೂ ಅನ್ನಲಿಲ್ಲ. ಮಾಣಿಕನಿಗೆ ಅವಳ ಮಾತು ಮುಟ್ಟಿಸಿದೆ. ಅವನು ಇನ್ನೂ ಹೋಗಿಲ್ಲ. ಮಷೀನು ನನ್ನ ಅಂಗಡಿಯಲ್ಲೇ ಇತ್ತು, ಮಾರಿರಲಿಲ್ಲ, ಮಾರಲಾಗಿರಲಿಲ್ಲ. ಅದನ್ನು ಅವನ ಮನೆಗೆ ಮುಟ್ಟಿಸಿ ಬಂದೆ. ಅಂಗಳದ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದಾನೆ, ಮುಟ್ಟಿಲ್ಲ ಎಂದು ಅವನ ತಮ್ಮ ಹೇಳಿದ. ಕಳೆದ ವರ್ಷಗಳನ್ನು ನಾನು ಅವನಿಗೆ ಯಾವ ದರಕ್ಕೂ ಕೊಂಡು ಕೊಡಲಾರೆ. ಅದು ನನಗೆ ಗೊತ್ತು.

ಈಗ ನಿಮಗೆ ಹೇಳುವುದಿದೆ, ಓದುತ್ತಿರುವವರಿಗೆ. ಬೀದರ, ಭಾಲ್ಕಿ, ಔರಾದ ಕಡೆ ನಿಮ್ಮ ಟಾಕಿಯ ಕೆಳಗೋ ದನದ ಕೊಟ್ಟಿಗೆಯಲ್ಲೋ ನನ್ನ ಅಂಗಡಿಯಿಂದ ಬಂದ ದಪ್ಪ ಕಪ್ಪು ಪೈಪು ಇದ್ದರೆ, ಕಾಲಿನ ನಡುಮಟ್ಟದಲ್ಲಿ ಸುತ್ತಲೂ ಬಣ್ಣ ಕೆರೆದು ನೋಡಿರಿ. ಬಣ್ಣದ ಕೆಳಗೆ ಬೂದು ಬಣ್ಣದ ಪುಟ್ಟಿ ಸಿಕ್ಕರೆ ಅದು ನಾನು ಮೆತ್ತಿಸಿದ್ದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿರಿ. ಗಟ್ಟಿ ಕಬ್ಬಿಣ ಘಣ್ ಅನ್ನುತ್ತದೆ, ತಿಂದದ್ದು ಮಣ್ಣಿನ ಮಡಕೆಯಂತೆ ಸಪ್ಪಗೆ ಅನ್ನುತ್ತದೆ. ಮೇಲೆ ಭಾರ ಇಟ್ಟುಕೊಂಡು ತಟ್ಟಬೇಡಿರಿ. ಸಮುದ್ರದಿಂದ ಬಂದ ಮಾಲನ್ನು ಯಾರೇ ಮಾರಲಿ, ಒಂದು ಕಡೆ ದಪ್ಪ ನೋಡಿ ಮರುಳಾಗದೆ ಉದ್ದಕ್ಕೂ ಅಳೆಸಿರಿ. ಕಪ್ಪಗಿದೆ, ಒಳಗೆ ಹೊಳೆಯುತ್ತಿದೆ ಎಂದು ಯಾರಾದರೂ ನಿಮ್ಮನ್ನು ಒಪ್ಪಿಸಲು ಬಂದರೆ ಅಲ್ಲಿಂದ ಎದ್ದು ಬನ್ನಿರಿ. ಕೆಲಸಗಾರ, ಇಲ್ಲಿ ರಾಡ್ ಹಚ್ಚಿದರೆ ತೂತು ಬೀಳುತ್ತದೆ ಅಂದರೆ ಅವನ ಕೈ ಸರಿಯಾಗಿದೆ ಎಂದು ತಿಳಿಯಿರಿ, ಕೆಲಸ ನಿಲ್ಲಿಸಿರಿ.

ಚಿದ್ರಿಗೆ ಬಂದು ಹೇಳಿದರೆ ಬೇರೆ ಪೈಪು ಹಾಕಿಸಿ ಕೊಡುತ್ತೇನೆ, ಯಾಕೆ ಬದಲಿಸುತ್ತಿದ್ದೇನೆ ಎಂದು ನಿಮ್ಮ ಓಣಿಯವರ ಎದುರೇ ಹೇಳುತ್ತೇನೆ. ಆದರೆ ನನ್ನ ದಾರಿ ಕಾಯಬೇಡಿರಿ. ಮೊದಲು ಟಾಕಿ ಖಾಲಿ ಮಾಡಿರಿ, ಕೆಳಗೆ ಯಾರನ್ನೂ ನಿಲ್ಲಗೊಡಬೇಡಿರಿ. ಆಮೇಲೆ ಬೈಯುವುದಿದ್ದರೆ ನನ್ನನ್ನು ಬೈಯಿರಿ, ಬೆಸೆದವನನ್ನಲ್ಲ.